ಕಾಯಿ ಅಂದ್ರೆ ಓಡಬಾರದು

ಬಸ್ಸು ನಿಲ್ಲಿಸಬೇಕಾದರೆ ಎಲ್ಲರೂ ಕೈ ಅಡ್ಡ ಹಾಕುತ್ತಾರೆ. ನಮ್ಮ ಪೀಟಿ ಮೇಷ್ಟ್ರು ಸೀಟಿ ಊದುತ್ತಿದ್ದರು.

ನಾನು ತಿಪಟೂರಿನಿಂದ ತುರುವೇಕೆರೆಗೆ ಹೋಗಿಬರುವ ಬಸ್ಸಿನಲ್ಲಿ ಕಂಡಕ್ಟರ್. ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಇದು ನನಗೂ ಡ್ರೈವರಣ್ಣನಿಗೂ ಇರುವ ಮಾತು. ಇದರ ಮಧ್ಯೆ ಮೇಷ್ಟ್ರ ಸೀಟಿಯೂ ಬಂದು ಸೇರಿಕೊಂಡರೆ ಬಸ್ಸಿನ ಗತಿ ಏನಾಗಬೇಕು? ಅವರಿಗೆ ಬಸ್ಸು ಹತ್ತಿ ಕೂತ ಮೇಲೂ ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡಿರುವ ಚಟ. ಒಂದು ಸಲ ಹಾಗೇ ಕೆಮ್ಮು ಬಂದು ಪೀಪೀ ಎಂದು ಎರಡು ಬಾರಿ ಊದಿಹೋಯಿತು. ಡ್ರೈವರಣ್ಣ ಹೊರಟೇಬಿಟ್ಟ. ಆಗಷ್ಟೇ ಇಳಿದಿದ್ದ ಅಜ್ಜಿಯೊಬ್ಬಳು ದಂಡಿನಶಿವರದಲ್ಲಿ ಉಳಿದಳು, ಅವಳ ಕೋಳಿಬುಟ್ಟಿ ತುರುವೇಕೆರೆಗೆ ಹೋಯಿತು. ಮರುಟ್ರಿಪ್ಪಿನಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಮೇಷ್ಟ್ರೇ ಬಂದು ಒಪ್ಪಿಸಿದರು. ಅಜ್ಜಿ ಬೈದದ್ದನ್ನೆಲ್ಲ ತಲೆಬಗ್ಗಿಸಿ ಕೇಳಿಸಿಕೊಂಡು, ಕೊನೆಗೆ, "ನಿನ್ ಕೋಳಿ ಒಂದ್ ರೌಂಡ್ ಊರು ನೋಡ್ಕಂಡ್ ಬಂತು ಬುಡವ್ವ," ಎಂದರು.

ಆ ಸೀಟಿ ಹೋದ ತಿಂಗಳು ನಿಂತಿತು. ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಅರಳಗುಪ್ಪೆಯ ಕಡೆಯಿಂದ ಬಂದು ಹತ್ತಿದ ಪ್ಯಾಸೆಂಜರೊಬ್ಬರು ಚಿಲ್ಲರೆ ಕೊಡುತ್ತ ಈ ಸುದ್ದಿ ಹೇಳಿದರು. ನಾನು ಅವರೊಬ್ಬರಿಗೇ ಎರಡು ಟಿಕೆಟ್ ಹರಿದುಕೊಟ್ಟೆ.

ಮೇಷ್ಟ್ರು ತೆಳ್ಳಗೆ, ಉದ್ದಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿದ ಆಳು. ಬಿಳೀ ಕ್ಯಾನ್ವಾಸ್ ಷೂಗಳಿಗೆ ದಿನಾ ಬೆಳಿಗ್ಗೆ ಶಾಲೆಯ ಸೀಮೆಸುಣ್ಣ ಬಳಿದುಕೊಳ್ಳುತ್ತಿದ್ದರು. ಹಾಗಾಗಿ ಅವರು ಎಲ್ಲೆಲ್ಲಿ ಓಡಾಡಿದ್ದಾರೆಂದು ಹೆಡ್‌ಮಾಸ್ಟರಿಗೆ ನೆಲ ನೋಡಿದರೇ ತಿಳಿಯುತ್ತಿತ್ತು. ಸೀಟಿಯ ದಾರ ಕುತ್ತಿಗೆಯಿಂದ ಇಳಿದದ್ದನ್ನು ನಾವು ಕಂಡಿಲ್ಲ. ಮನೆಯಲ್ಲಿ ಒಂದು ಸೀಟಿಗೆ ನೀರು, ಎರಡು ಸೀಟಿಗೆ ಕಾಫಿ ಎಂದು ಗೊತ್ತುಮಾಡಿದ್ದರಂತೆ. ಅವರ ಮನೆಯವರನ್ನು ಕೇಳಿದರೆ, "ಊದ್ಕೊಳ್ಳಲಿ ಬುಡವ್ವ. ನಂಗೆ ಯಾವಾಗ್ ಕೇಳಿಸ್ಬೇಕೋ ಆಗ ಕೇಳಿಸ್ತದೆ," ಎನ್ನುತ್ತಿದ್ದರು.

ಇಂಥವರು ತೆಂಗಿನ ಸೀಮೆಯ ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್ ಕಲಿಸಲು ಹೊರಟದ್ದೇ ಒಂದು ಅಚಾತುರ್ಯದಿಂದ. ಬೆಂಗಳೂರಿನಲ್ಲಿ ನಡೆದ ಥ್ರೋಬಾಲ್ ತರಬೇತಿಗೆ ಅವರನ್ನು ಕಳಿಸಿದ್ದರು. ಇವರು ಹೋಗಿ ಪಕ್ಕದ ಕೋಣೆಯಲ್ಲಿ ಕೂತರು. ಅಲ್ಲಿ ನಡೆಯುತ್ತಿದ್ದುದು ಸಾಫ್ಟ್‌ಬಾಲಿನದು. ಮೂರನೆಯ ದಿನ ಹಾಜರಿ ಪಟ್ಟಿಯಲ್ಲಿ ತಮ್ಮ ಹೆಸರೇ ಇಲ್ಲವೆಂದು ಗೊತ್ತಾಯಿತಂತೆ. "ಅಷ್ಟೊತ್ಗೆ ಎದ್ದು ಹೋದ್ರೆ ಮರ್ಯಾದೆ ಹೋಯ್ತದೆ ಅಂತ ಕೂತೇ ಇದ್ದೆ ಕಣವ್ವ. ಕೂತಿದ್ದಕ್ಕೆ ಆಟ ಬಂತು," ಎಂದು ನಮಗೆ ಅವರೇ ಹೇಳಿದ್ದರು. ಥ್ರೋಬಾಲ್ ಏನಾಯಿತೆಂದು ಶಾಲೆಯಲ್ಲಿ ಯಾರೂ ಕೇಳಲಿಲ್ಲ.

ಆಟ ಏನೂ ಕಷ್ಟದ್ದಲ್ಲ. ಒಬ್ಬಳು ತೋಳನ್ನು ಕೆಳಗಿನಿಂದ ಬೀಸಿ ಚೆಂಡು ಎಸೆಯುತ್ತಾಳೆ, ಇನ್ನೊಬ್ಬಳು ಹೊಡೆದು ನಾಲ್ಕು ಮೂಲೆ ಸುತ್ತಿ ಓಡುತ್ತಾಳೆ. ಮೂಲೆಗೆ ಬೇಸ್ ಎಂದು ಹೆಸರು. ಮೇಷ್ಟ್ರು ಅದನ್ನು ಕಟ್ಟೆ ಎಂದರು. ನನ್ನನ್ನು ಮೂರನೆಯ ಬೇಸಿನಲ್ಲಿ ನಿಲ್ಲಿಸಿದರು. ಅಂದಿನಿಂದ ನನ್ನ ಹೆಸರು ಮರೆತೇಹೋಗಿ ನಾನು ಅವರಿಗೆ 'ಮೂರ್ನೇ ಕಟ್ಟೆ' ಆದೆ. ನನ್ನ ಮದುವೆಯಲ್ಲೂ ಉಡುಗೊರೆಯ ಮೇಲೆ ಹಾಗೆಯೇ ಬರೆದುಕೊಟ್ಟಿದ್ದರು. ಇದು ಯಾವ ಊರೆಂದು ನನ್ನ ಗಂಡ ಕೇಳಿದ್ದ.

ಇನ್ನು ಚೆಂಡು. ಹೆಸರಿಗೆ ಸಾಫ್ಟು, ಕೈಗೆ ಸಿಕ್ಕರೆ ಸುಲಿದ ಸಣ್ಣಕಾಯಿ. ಅದಕ್ಕೇ ಇರಬೇಕು, ಮೇಷ್ಟ್ರು ಚೆಂಡಿನ ಮಾತುಗಳನ್ನೆಲ್ಲ ತೋಟದಿಂದಲೇ ತಂದರು. ನೆಲದ ಮೇಲೆ ಉರುಳಿಕೊಂಡು ಬಂದರೆ 'ಹರಳು', ಎಳೆಯದರಲ್ಲೇ ಉದುರಿ ಮರದ ಬುಡದಲ್ಲಿ ಉರುಳಾಡುತ್ತದಲ್ಲ, ಅದು. ಎದೆಮಟ್ಟಕ್ಕೆ ನೇರ ಬಂದರೆ 'ಅಟ್ಟ'. ಆಕಾಶಕ್ಕೆ ಎದ್ದು ಕೆಳಗೆ ಬಂದರೆ 'ಕಾಯಿ'.

ಅಟ್ಟದ ಚೆಂಡಿನಲ್ಲಿ ನಮ್ಮನ್ನು ಸೋಲಿಸುವವರು ಇರಲಿಲ್ಲ. ನಮ್ಮ ಕಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟಕ್ಕೆ ಏರಿಸಿ ವರ್ಷಗಟ್ಟಲೆ ಇಡುತ್ತಾರೆ. ಏರಿಸುವುದೆಂದರೆ ಕೆಳಗಿನವರು ಎಸೆಯುವುದು, ಮೇಲಿನವರು ಹಿಡಿಯುವುದು. ಒಂದು ತಪ್ಪಿದರೆ ಅಮ್ಮನ ಬಾಯಿಂದ ಬರುವ ಮಾತು ಚೆಂಡಿಗಿಂತ ಗಟ್ಟಿ. ಮೇಷ್ಟ್ರು ಇದನ್ನು ಕಂಡುಕೊಂಡು ಪ್ರತಿ ಶನಿವಾರ ಇಡೀ ತಂಡವನ್ನು ಯಾರದಾದರೂ ಮನೆಯ ಅಟ್ಟ ತುಂಬಿಸಲು ಕರೆದೊಯ್ಯತೊಡಗಿದರು. ಮನೆಯವರಿಗೆ ಕೆಲಸ ಆಗುತ್ತಿತ್ತು, ನಮಗೆ ಚಿತ್ರಾನ್ನ ಸಿಗುತ್ತಿತ್ತು. ನಮ್ಮಪ್ಪ ಒಮ್ಮೆ, "ಹುಡ್ಗೀರ ಕೈಲಿ ಬಿಟ್ಟಿ ಕೆಲ್ಸ ಮಾಡಿಸ್ತಾ ಇದೀರಲ್ಲ ಮೇಷ್ಟ್ರೇ," ಎಂದದ್ದಕ್ಕೆ, "ಕೆಲ್ಸ ಅನ್ಬೇಡಿ ಕಣ್ರೀ, ಕೋಚಿಂಗ್ ಅನ್ನಿ. ಮುಂದಿನ್ ವಾರ ನಿಮ್ಮನೇಲೇ ಕೋಚಿಂಗು," ಎಂದರು.

ತೊಂದರೆ ಇದ್ದದ್ದು ಕಾಯಿಯದು.

ತೆಂಗಿನ ತೋಟದಲ್ಲಿ ಹುಟ್ಟಿದ ಮಗುವಿಗೆ ಅಮ್ಮ ಅಪ್ಪ ಎನ್ನುವುದರ ಜೊತೆಗೇ ಕಲಿಸುವ ಪಾಠ ಒಂದಿದೆ. ಮೇಲಿನಿಂದ 'ಕಾಯೀ' ಎಂಬ ಕೂಗು ಬಂದರೆ ತಲೆಯೆತ್ತಿ ನೋಡಬಾರದು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಓಡಬೇಕು. ನಮ್ಮಜ್ಜಿ ಒಂದು ಸಲ ಓಡದೆ ನೋಡಿದ್ದಕ್ಕೆ ಬಲಭುಜ ಮುರಿದುಕೊಂಡಿದ್ದಳು. ಆ ಕೈಯನ್ನು ಅವಳು ಮತ್ತೆ ಮೇಲಕ್ಕೆತ್ತಲೇ ಇಲ್ಲ. ನಾನು ದಿನಾ ಅವಳಿಗೆ ತಲೆ ಬಾಚುತ್ತಿದ್ದೆ. ಹಾಗಾಗಿ ಚೆಂಡು ಆಕಾಶಕ್ಕೆ ಎದ್ದಿತೆಂದರೆ ಒಂಬತ್ತು ಹುಡುಗಿಯರೂ ದಿಕ್ಕಾಪಾಲು. ಅದರಲ್ಲಿ ಮೊದಲು ಓಡುವವಳು ನಾನು.

ಮೇಷ್ಟ್ರು ಮಾಡದ ಉಪಾಯವಿಲ್ಲ. ಶಾಲೆಯ ತಾರಸಿ ಹತ್ತಿ ಮೇಲಿನಿಂದ ಕೊಬ್ಬರಿ ಮಿಠಾಯಿ ಎಸೆದರು. ಒಂದೂ ನೆಲಕ್ಕೆ ಬೀಳಲಿಲ್ಲ, ಎಲ್ಲ ಹಿಡಿದು ತಿಂದೆವು. ಸಂತೋಷಪಟ್ಟು ಅಲ್ಲಿಂದಲೇ ಚೆಂಡು ಎಸೆದರು. ಅಂಗಳ ಖಾಲಿ. "ಮಿಠಾಯಿ ಹಿಡೀತೀರಿ, ಚೆಂಡ್ ಕಂಡ್ರೆ ಓಡ್ತೀರಿ. ಎಂಥಾ ಹೊಟ್ಟೆಬಾಕ ಮುಂಡೇವ್ರಪ್ಪಾ!" ಎಂದು ತಾರಸಿಯ ಮೇಲೆ ತಲೆ ಹಿಡಿದುಕೊಂಡು ಕೂತರು. ಹೆಡ್‌ಮಾಸ್ಟರು ಕೆಳಗಿನಿಂದ, ಮಿಠಾಯಿ ಇನ್ನೂ ಉಳಿದಿದೆಯೇ ಎಂದು ವಿಚಾರಿಸಿದರು.

ಮರುದಿನ ನಮ್ಮನ್ನು ಸಾಲಾಗಿ ನಿಲ್ಲಿಸಿ ಕೇಳಿದರು. "ಕಾಯಿ ಅಂದ್ರೇನು?"

"ತೆಂಗಿನಕಾಯಿ ಸಾ."

"ಅಲ್ಲ. ನಿಮ್ಮಮ್ಮ ಹೊರಗೆ ಹೋಗ್ಬೇಕಾದ್ರೆ ನಿಮ್ಗೆ ಏನಂತಾಳೆ? ಮನೆ ಕಾಯಿ ಅಂತಾಳೆ. ಹಿಟ್ಟಿನ್ ಮಿಷನ್ ಮುಂದೆ? ಸ್ವಲ್ಪ ಕಾಯಿ ಅಂತಾರೆ. ಈ ಕಾಯಿ ಆ ಕಾಯಿ ಕಣ್ರವ್ವಾ! ಕಾಯೀ ಅಂತ ನಾ ಕೂಗಿದ್ರೆ ಅಲ್ಲೇ ನಿಂತು, ಮೇಲೆ ನೋಡ್ಕಂಡು, ಕಾಯ್ಬೇಕು. ಓಡಬಾರದು."

ನಮಗೆ ಪೂರ್ತಿ ಅರ್ಥವಾಯಿತು. ಅವರು 'ಕಾಯೀ' ಎಂದು ಕೂಗಿ ಚೆಂಡನ್ನು ಮೇಲಕ್ಕೆ ಹೊಡೆದರು. ನಾವು ಪೂರ್ತಿ ಓಡಿದೆವು.

ಹೀಗಿರುವಾಗ ನಾವು ರಾಷ್ಟ್ರಮಟ್ಟಕ್ಕೆ ಹೋದದ್ದು ಹೇಗೆ ಎಂದು ಕೇಳಬಹುದು. ಆ ವರ್ಷ ಕಿರಿಯರ ರಾಷ್ಟ್ರೀಯ ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಟೂರ್ನಿಗೆ ಹುಡುಗಿಯರ ತಂಡ ಆರಿಸುವ ದಿನ ಜೋರು ಮಳೆ. ಹಲವು ಶಾಲೆಯವರು ಬರಲೇ ಇಲ್ಲ. ಮೇಷ್ಟ್ರು ನಮ್ಮನ್ನು ಹಿಂದಿನ ದಿನವೇ ಕರೆದುಕೊಂಡು ಹೋಗಿದ್ದರು. ಒಳಾಂಗಣದಲ್ಲೇ ಆಯ್ಕೆ ನಡೆಯಿತು. ಮೇಲೆ ತಗಡಿನ ಚಾವಣಿ, ಕಾಯಿ ಏಳುವಂತೆಯೇ ಇಲ್ಲ. ನಮ್ಮ ಅಟ್ಟದ ಹಿಡಿತ ಕಂಡು ಆರಿಸುವವರು ಬಾಯಿಬಿಟ್ಟುಕೊಂಡು ಕೂತರು. ಹೆಚ್ಚುಕಡಿಮೆ ನಮ್ಮ ಶಾಲೆಯ ತಂಡವೇ ರಾಜ್ಯದ ತಂಡವಾಯಿತು.

ಆಗಲೇ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಮೈದಾನಕ್ಕೆ ಬಂದದ್ದು. ಕೊಬ್ಬರಿ ವ್ಯಾಪಾರದವರು, ಖಾಲಿ ನೆಲ ಕಂಡರೆ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. "ಇಷ್ಟ್ ಜಾಗ ಸುಮ್ನೆ ಬಿಸ್ಲು ಕಾಯ್ಕಂಡ್ ಬಿದ್ದೈತಲ್ಲ ಮೇಷ್ಟ್ರೇ. ಸಸಿ ಇಟ್ರೆ ಸ್ಕೂಲ್ಗೆ ಅಂತ ನಾಲ್ಕ್ ಕಾಯಾದ್ರೂ ಆಯ್ತವೆ," ಎಂದರು. ಮಾರನೆಯ ದಿನವೇ ಮೈದಾನದ ತುಂಬ ಗುಂಡಿ ತೋಡಿಸಿದರು. ನಮ್ಮ ಎರಡನೇ ಕಟ್ಟೆಯ ಹುಡುಗಿ ಹಿಂದಕ್ಕೆ ಓಡಲು ಹೋಗಿ ಸೊಂಟದವರೆಗೆ ಗುಂಡಿಯಲ್ಲಿ ನಿಂತಳು. ಮೇಷ್ಟ್ರು ಅಧ್ಯಕ್ಷರ ಮನೆ ಬಾಗಿಲಿಗೆ ಹೋಗಿ ಬೇಡಿಕೊಂಡರು. ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, "ಆಯ್ತು. ನ್ಯಾಷನಲ್ಲಲ್ಲಿ ಒಂದೇ ಒಂದ್ ಮ್ಯಾಚ್ ಗೆದ್ಕಂಡ್ ಬನ್ನಿ. ಗುಂಡಿ ನಾನೇ ಮುಚ್ಚಿಸ್ತೀನಿ. ಸೋತ್ರೆ ಆಟ ಇಲ್ಲಿಗೆ ಮುಗೀತು, ಸಸಿ ಇಡ್ತೀನಿ," ಎಂದರಂತೆ.

ಟೂರ್ನಿ ನಡೆದದ್ದು ರೈಲಿನಲ್ಲಿ ಎರಡು ದಿನದ ದಾರಿಯ ಒಂದು ಊರಿನಲ್ಲಿ. ಒಂದು ಮೈದಾನದಲ್ಲಿ ಹುಡುಗರ ಬೇಸ್‌ಬಾಲ್, ಪಕ್ಕದ್ದರಲ್ಲಿ ನಮ್ಮದು. ಸುತ್ತ ಕಣ್ಣು ಹಾಯಿಸಿದಷ್ಟೂ ಬಟಾಬಯಲು. "ನೋಡ್ರವ್ವ, ಒಂದ್ ತೆಂಗಿನ್ ಮರಾನೂ ಇಲ್ಲ. ಮೇಲಿಂದ ಬೀಳೋದು ಚೆಂಡೊಂದೇ. ಇನ್ಯಾಕ್ ಹೆದ್ರಿಕೆ?" ಎಂದು ಮೇಷ್ಟ್ರು ಖುಷಿಯಾದರು. ಅಂಪೈರ್ ಬಂದು, ನೀವು ಕೂಗುವ ಹರಳು, ಅಟ್ಟ, ಕಾಯಿ ಎಂದರೆ ಗುಟ್ಟಿನ ಸಂಕೇತವೇ ಎಂದು ಹಿಂದಿಯಲ್ಲಿ ಕೇಳಿದ. ಮೇಷ್ಟ್ರು ಎದೆಯುಬ್ಬಿಸಿ, "ನಹೀ ನಹೀ, ಏ ಹಮಾರಾ ನಾರಿಯಲ್ ಕಾ ಭಾಷಾ," ಎಂದರು. ಅಂಪೈರ್ ಅದನ್ನೂ ಸಂಕೇತವೆಂದೇ ತಿಳಿದಿರಬೇಕು, ನಿಯಮದ ಪುಸ್ತಕ ತೆಗೆದು ನೋಡಿದ.

ಮೊದಲ ಮ್ಯಾಚ್ ಸೋತೆವು. ಎರಡನೆಯದನ್ನೂ ಸೋತೆವು. ನಮ್ಮ ರೋಗ ಪತ್ತೆಹಚ್ಚಿದ ಎದುರಾಳಿಗಳು ಬೇಕೆಂದೇ ಚೆಂಡನ್ನು ಆಕಾಶಕ್ಕೆ ಎತ್ತಿದರು, ನಾವು ನಮ್ಮ ತಾಯಂದಿರು ಕಲಿಸಿದಂತೆ ನಡೆದುಕೊಂಡೆವು. ನಮ್ಮ ಗುಂಪಿನಲ್ಲಿ ಉಳಿದದ್ದು ಒಂದೇ ಮ್ಯಾಚು. ಬೆಳಿಗ್ಗೆ ನಾನು ಮೇಷ್ಟ್ರ ಹತ್ತಿರ ಹೋಗಿ, ಇವತ್ತು ನನ್ನನ್ನು ಬೆಂಚಿನಲ್ಲಿ ಕೂರಿಸಿ, ನನ್ನಿಂದಲೇ ಸೋಲುತ್ತಿದ್ದೇವೆ ಎಂದು ಅತ್ತೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ.

"ನೀನ್ ಕೂತ್ರೆ ಮೂರ್ನೇ ಕಟ್ಟೆ ಯಾರವ್ವ ಕಾಯ್ತಾರೆ? ನಿನ್ ಭಯ ನಂಗೊತ್ತು ಕಣೇ. ನಾನೂ ತೋಟದಲ್ಲೇ ಹುಟ್ಟಿರೋನು," ಎಂದರು.

ಅವರ ಆ ಕೊನೆಯ ಮಾತಿನ ಅರ್ಥ ನನಗೆ ಆಮೇಲೆ ಆಯಿತು.

ಆ ದಿನ ನಾವು ಚೆನ್ನಾಗಿಯೇ ಆಡಿದೆವು. ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ಒಂದು ರನ್ನಿನಿಂದ ಮುಂದಿದ್ದೆವು. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದರು, ಇನ್ನಿಬ್ಬರು ಎರಡನೆಯ ಮತ್ತು ಮೂರನೆಯ ಕಟ್ಟೆಯ ಮೇಲೆ ಓಡಲು ಸಿದ್ಧವಾಗಿ ನಿಂತಿದ್ದರು. ಇನ್ನೊಂದು ಔಟಾದರೆ ಗುಂಡಿ ಮುಚ್ಚುತ್ತದೆ. ಒಳ್ಳೆಯ ಹೊಡೆತವೊಂದು ಬಿದ್ದರೆ ಸಸಿ ಬರುತ್ತದೆ. ಹೊಡೆಯಲು ಬಂದವಳು ಅವರ ತಂಡದಲ್ಲೇ ಗಟ್ಟಿಗಿತ್ತಿ. ಬ್ಯಾಟು ಬೀಸಿದಳು. ಚೆಂಡು ನೆಟ್ಟಗೆ ಮೇಲಕ್ಕೆ ಹೋಯಿತು, ಗಾಳಿಗೆ ತಿರುಗಿ ಗೆರೆ ದಾಟಿ ನಮ್ಮ ಬೆಂಚಿನ ಕಡೆಗೆ ಬರತೊಡಗಿತು. ಗೆರೆಯಾಚೆ ಹೋದರೂ ನೆಲ ಮುಟ್ಟುವ ಮುಂಚೆ ಹಿಡಿದರೆ ಔಟು. ಅದರ ಕೆಳಗೆ ಇದ್ದವಳು ನಾನೊಬ್ಬಳೇ.

"ಕಾಯೀ!" ಎಂದು ಮೇಷ್ಟ್ರು ಕೂಗಿದರು.

ನನ್ನ ಕಾಲು ಓಡಲು ಎದ್ದದ್ದು ನಿಜ. ಆದರೆ ಮನೆ ಕಾಯಿ, ಕಟ್ಟೆ ಕಾಯಿ ಎಂದು ತಲೆಯೊಳಗೆ ಯಾರೋ ಬಡಬಡಿಸಿದಂತಾಗಿ ಅಲ್ಲೇ ನಿಂತೆ. ಗ್ಲೌಸ್ ಹಾಕಿದ ಕೈ ಮೇಲೆತ್ತಿದೆ. ಅಷ್ಟೇ ನನ್ನ ಧೈರ್ಯ. ಕೈಗೆ ಧಪ್ಪೆಂದು ಏನೋ ಬಡಿಯಿತು, ನಾನು ಅದನ್ನು ಎದೆಗೆ ಒತ್ತಿ ಹಿಡಿದೆ. ಕಣ್ಣುಬಿಟ್ಟಾಗ ಮೊದಲು ಕಂಡದ್ದು ಚೆಂಡಲ್ಲ. ನಮ್ಮ ಬೆಂಚಿನ ಕೆಳಗಿನಿಂದ ಹೊರಕ್ಕೆ ಚಾಚಿದ್ದ, ಸೀಮೆಸುಣ್ಣ ಬಳಿದ ಎರಡು ಬಿಳೀ ಷೂಗಳು.

'ಕಾಯೀ' ಎಂದು ಕೂಗಿದವರು ತಾವೇ ತಲೆಯ ಮೇಲೆ ಕೈಯಿಟ್ಟುಕೊಂಡು ಬೆಂಚಿನಡಿ ನುಗ್ಗಿದ್ದರು. ಬೆಂಚಿನ ಮೇಲಿದ್ದ ನಮ್ಮ ಹುಡುಗಿಯರೂ ಹಿಂದಕ್ಕೆ ಹಾರಿ ಕವುಚಿಕೊಂಡಿದ್ದರು. ಅಂಪೈರ್ ಕೈಯೆತ್ತಿ ಔಟು ಎಂದ ಮೇಲೆಯೇ ಮೇಷ್ಟ್ರು ಹೊರಗೆ ಬಂದದ್ದು. ಮೊಣಕಾಲಿನ ಮಣ್ಣು ಕೊಡವುತ್ತ, "ನೋಡಿದ್ರೇನ್ರವ್ವಾ! ನೋಡಿದ್ರಾ ನಮ್ ಮೂರ್ನೇ ಕಟ್ಟೆ ಹೆಂಗ್ ಹಿಡಿದ್ಳು!" ಎಂದು ಕುಣಿದರು. ಸೀಟಿ ಊದಿ ಊದಿ ಪಕ್ಕದ ಮೈದಾನದ ಬೇಸ್‌ಬಾಲ್ ಆಟವನ್ನೂ ನಿಲ್ಲಿಸಿದರು.

ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ, ಗುಂಡಿಗಳನ್ನು ಮುಚ್ಚಿಸಿದರು. ಆದರೆ ನಾವು ಸೋತೇ ಬರುತ್ತೇವೆಂಬ ನಂಬಿಕೆಯಿಂದ ಅಂಚಿನ ಗುಂಡಿಯಲ್ಲಿ ಒಂದು ಸಸಿ ಆಗಲೇ ಇಟ್ಟುಬಿಟ್ಟಿದ್ದರು. ಕಿತ್ತುಹಾಕೋಣವೆಂದರೆ ಮೇಷ್ಟ್ರು ಬಿಡಲಿಲ್ಲ. "ಇರಲಿ ಬುಡ್ರಿ. ಓಡಿಹೋಗ್ದೆ ಇರೋ ಫೀಲ್ಡರು ಒಬ್ಬಳಾದ್ರೂ ಬೇಕು," ಎಂದರು.

ನಾನು ಕಂಡಕ್ಟರಾದ ಮೇಲೆ ಆ ಕ್ಯಾಚು ನಮ್ಮ ಬಸ್ಸಿನಲ್ಲಿ ವಾರಕ್ಕೆ ಎರಡು ಸಲವಾದರೂ ಬೀಳುತ್ತಿತ್ತು. ಮುಂದಿನ ಸೀಟಿನಲ್ಲಿ ಕೂತು ಮೇಷ್ಟ್ರು ಪಕ್ಕದವರಿಗೆ ಶುರುಮಾಡುತ್ತಿದ್ದರು. "ಈವಮ್ಮ ಟಿಕೆಟ್ ಕೊಡೋದು ಮಾತ್ರ ನೋಡಿದೀರಿ ನೀವು. ಅವತ್ತು ಏನ್ ಮಾಡಿದ್ಳು ಗೊತ್ತಾ? ಎಡಕ್ಕೆ ಮೂರೆಜ್ಜೆ ಹಾರಿ, ನೆಲದ ಮೇಲೆ ಉರುಳಿ, ಒಂದೇ ಕೈಲಿ..." ವರ್ಷ ಕಳೆದಂತೆ ಹೆಜ್ಜೆ ಮೂರಿದ್ದದ್ದು ಹತ್ತಾಯಿತು, ಚೆಂಡು ಸೂರ್ಯನ ಹತ್ತಿರ ಹೋಗಿ ಬಂತು. ನಾನು ನಿಂತಲ್ಲೇ ನಿಂತಿದ್ದೆನೆಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಬೆಂಚಿನಡಿಯಿಂದ ಇಷ್ಟೆಲ್ಲ ಹೇಗೆ ಕಂಡಿತೆಂದು ಕೇಳಲೂ ಬರುತ್ತಿರಲಿಲ್ಲ. ಟಿಕೆಟ್, ಟಿಕೆಟ್ ಎನ್ನುತ್ತ ಹಿಂದಕ್ಕೆ ಹೋಗುತ್ತಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ಬಸ್ಸು ಖಾಲಿಯಿತ್ತು. ಮೇಷ್ಟ್ರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಮೂರ್ನೇ ಕಟ್ಟೆ, ಒಂದ್ ನಿಜ ಹೇಳ್ತೀನಿ. ನಗಬೇಡ. ಅವತ್ತು ನಾನು ನೋಡ್ಲಿಲ್ಲ ಕಣವ್ವ. ಬೆಂಚಿನ್ ಕೆಳಗಿದ್ದೆ."

"ಗೊತ್ತು ಸಾ. ಷೂ ಕಾಣ್ತಿತ್ತು."

ಅವರು ಮುಖ ಚಿಕ್ಕದು ಮಾಡಿಕೊಂಡರು. "ಗೊತ್ತಿದ್ದೂ ಇಷ್ಟ್ ವರ್ಷ ಸುಮ್ನಿದ್ಯಾ? ಹೋಗ್ಲಿ, ಈಗ್ಲಾದ್ರೂ ಹೇಳು. ಅದನ್ನ ನಿಜವಾಗ್ಲೂ ಹೆಂಗ್ ಹಿಡ್ದೆ?"

"ಗೊತ್ತಿಲ್ಲ ಸಾ. ಕಣ್ಣು ಮುಚ್ಕಂಡಿದ್ದೆ."

ಮೇಷ್ಟ್ರು ನನ್ನನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದವರು ಎರಡು ಸ್ಟಾಪು ದಾಟಿದರೂ ನಿಲ್ಲಿಸಲಿಲ್ಲ. ಕಣ್ಣೊರೆಸಿಕೊಳ್ಳುತ್ತ, "ಹಂಗಾರೆ ಅದನ್ನ ನೋಡ್ದೋರ್ ಯಾರೇ?" ಎಂದರು.

"ಅಂಪೈರ್ ಸಾ."

"ಪುಣ್ಯಾತ್ಮ," ಎಂದು ಕೈ ಮುಗಿದರು.

ಇದಾದ ಮೇಲಾದರೂ ಕಥೆ ನಿಲ್ಲುತ್ತದೆಂದುಕೊಂಡಿದ್ದೆ. ಮುಂದಿನ ವಾರ ಅದೇ ಸೀಟು, ಬೇರೆ ಪ್ಯಾಸೆಂಜರು. "ಚೆಂಡು ಬರ್ತಾ ಐತೆ, ಈವಮ್ಮ ಕಣ್ಣು ಮಿಟುಕಿಸ್ಲಿಲ್ಲ ಕಣ್ರೀ, ಇಷ್ಟಗಲ ಬಿಟ್ಕಂಡಿದ್ಳು!" ಎನ್ನುತ್ತ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಡ್ಯೂಟಿ ಬದಲಿಸಿಕೊಂಡು ನಾನೂ ಹೋದೆ. ಮೈದಾನದ ಅಂಚಿನಲ್ಲಿ ಆ ಒಂದು ಸಸಿ ಈಗ ಗೊನೆಗೊನೆ ಕಾಯಿ ಬಿಟ್ಟ ಮರ. ಅದರ ನೆರಳಿನಲ್ಲೇ ಮೇಷ್ಟ್ರ ಫೋಟೋ ಇಟ್ಟು ಹಾರ ಹಾಕಿದ್ದರು. ಫೋಟೋದಲ್ಲೂ ಕುತ್ತಿಗೆಗೆ ಸೀಟಿ. ಒಂದು ಕಡೆ ನಮ್ಮ ಹಳೇ ತಂಡ, ಅಧ್ಯಕ್ಷರು, ಊರವರು. ಇನ್ನೊಂದು ಕಡೆ ಸಮವಸ್ತ್ರ ಹಾಕಿದ ಈಗಿನ ತಂಡದ ಹುಡುಗಿಯರು. ನಿವೃತ್ತಿಯಾದ ಮೇಲೂ ದಿನಾ ಸಂಜೆ ಬಂದು ಮೇಷ್ಟ್ರು ಅವರಿಗೆ ಕಲಿಸುತ್ತಿದ್ದರು. ಎಲ್ಲರೂ ತಲೆ ತಗ್ಗಿಸಿ ಎರಡು ನಿಮಿಷದ ಮೌನಕ್ಕೆ ನಿಂತೆವು. ನನಗೆ ಅಳು ತಡೆಯಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಮೇಲೆ ಗರಿ ಸರಕ್ಕೆಂದಿತು.

"ಕಾಯೀ!" ಎಂದು ಅಧ್ಯಕ್ಷರೇ ಕೂಗಿದರು.

ಮೌನ ಹೋಯಿತು. ಅಧ್ಯಕ್ಷರು ಪಂಚೆ ಎತ್ತಿಕೊಂಡು ಓಡಿದರು, ಈಗಿನ ಹೆಡ್‌ಮಾಸ್ಟರು ಓಡಿದರು, ನಮ್ಮ ಹಳೇ ತಂಡ ಒಬ್ಬಳೂ ಉಳಿಯದೆ ಓಡಿತು. ಎಲ್ಲರಿಗಿಂತ ಮೊದಲು ಶಾಲೆಯ ಜಗಲಿ ಮುಟ್ಟಿದವಳು ನಾನೇ. ತಲೆಯ ಮೇಲಿನ ಕೈ ತೆಗೆಯದೆ ಪಕ್ಕಕ್ಕೆ ನೋಡಿದೆ. ನನಗಿಂತ ಮುಂಚೆ ಬಂದು ಅಲ್ಲಿ ನಿಂತಿರಬೇಕಾದವರು ಇರಲಿಲ್ಲ.

ತಿರುಗಿ ಮೈದಾನ ನೋಡಿದೆ. ಆ ಹುಡುಗಿಯರು ಓಡಿರಲಿಲ್ಲ. ಮರದ ಬುಡದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ಮುಖ ಮೇಲೆ ಮಾಡಿ, ಬರಿಗೈಗಳನ್ನು ಬಿಚ್ಚಿಕೊಂಡು, ಅಷ್ಟೂ ಜನ ಕಾಯುತ್ತ ನಿಂತಿದ್ದರು. ಗರಿಗೆ ಸಿಕ್ಕಿಕೊಂಡು ತಡೆದಿದ್ದ ಕಾಯಿ ಆಗ ಜಾರಿ ಅವರ ಮುಂದೆ ಧೊಪ್ಪೆಂದು ನೆಲಕ್ಕೆ ಬಿತ್ತು. ಒಬ್ಬಳು ಬಗ್ಗಿ ಎತ್ತಿಕೊಂಡು, ಮಣ್ಣು ಒರೆಸಿ, ಮೇಷ್ಟ್ರ ಫೋಟೋದ ಮುಂದೆ ಇಟ್ಟಳು.

ಮೇಷ್ಟ್ರು ಬದುಕಿದ್ದಿದ್ದರೆ ಇದನ್ನೂ ನೋಡುತ್ತಿರಲಿಲ್ಲ, ನಮ್ಮ ಜೊತೆ ಜಗಲಿಯ ಮೇಲಿರುತ್ತಿದ್ದರು. ನಾನು ನೋಡಿದೆ. ಈ ಸಲ ಕಣ್ಣು ಬಿಟ್ಟುಕೊಂಡೇ ಇದ್ದೆ.